ಬಾಲ್ಟಿಮೋರಿನ ಹಳೆಮನೆ ವ್ಯಾಪಾರ

ಅಮೆರಿಕದ ಬಂದರು ನಗರ ಬಾಲ್ಟಿಮೋರಿನಲ್ಲಿ ಹಳೆಮನೆ ಕೊಂಡು, ರಿಪೇರಿ ಮಾಡಿ, ಲಾಭಕ್ಕೆ ಮಾರುವ ವ್ಯಾಪಾರ ಬೆಳೆದದ್ದು ಅಲ್ಲಿನ ಸಾಲುಮನೆಗಳನ್ನು ನಂಬಿಕೊಂಡು. ಬೀದಿಯ ಕಡೆ ಕಿರಿದಾಗಿದ್ದು ಹಿಂದಕ್ಕೆ ಉದ್ದವಾಗಿ ಹೋಗುವ ಇಟ್ಟಿಗೆಯ ಮನೆಗಳು ಇವು. ಹಲವಕ್ಕೆ ಬಿಳಿ ಅಮೃತಶಿಲೆಯ ಮೆಟ್ಟಿಲು. 1950ರಲ್ಲಿ ಸುಮಾರು ಒಂಬತ್ತೂವರೆ ಲಕ್ಷವಿದ್ದ ಜನಸಂಖ್ಯೆ 2020ರ ಹೊತ್ತಿಗೆ ಆರು ಲಕ್ಷಕ್ಕಿಂತ ಕೆಳಗಿಳಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲಸ್ಥರು ಉಪನಗರಗಳಿಗೆ ಹೋದರು, ಸಾವಿರಾರು ಮನೆಗಳಿಗೆ ಬೀಗ ಬಿತ್ತು. ಅಗ್ಗದ ಮನೆಗೆ ಬರವಿರಲಿಲ್ಲ. ಆದರೆ ಅಗ್ಗವಾಗಿದ್ದದ್ದು ಕೊಳ್ಳುವ ಬೆಲೆ ಮಾತ್ರ.

ಮೊದಲ ತೊಡಕು ಮನೆಯ ಕೆಳಗಿನ ನೆಲದ್ದೇ. ವಸಾಹತು ಕಾಲದಿಂದ ಬಂದ ಪದ್ಧತಿಯಂತೆ ಎಷ್ಟೋ ಮನೆಗಳಲ್ಲಿ ಕಟ್ಟಡ ಒಬ್ಬರದು, ನೆಲ ಇನ್ನೊಬ್ಬರದು. 99 ವರ್ಷದ, ಮತ್ತೆ ಮತ್ತೆ ನವೀಕರಿಸಬಹುದಾದ ಗುತ್ತಿಗೆಗೆ ಮನೆಯವರು ವರ್ಷವರ್ಷವೂ ನೆಲಬಾಡಿಗೆ ಕಟ್ಟಬೇಕು. ಮೊತ್ತ ಚಿಕ್ಕದು, ಆದರೆ ಅದನ್ನು ಬಾಕಿ ಉಳಿಸಿ ಮನೆಯನ್ನೇ ಕಳೆದುಕೊಂಡವರಿದ್ದರು. ಈ ಸಂಗತಿ ಪತ್ರಿಕೆಗಳಲ್ಲಿ ಬಯಲಾದ ಮೇಲೆ 2007ರಲ್ಲಿ ಮೇರಿಲ್ಯಾಂಡ್ ರಾಜ್ಯ ಹೊಸ ನೆಲಬಾಡಿಗೆಗಳನ್ನು ನಿಷೇಧಿಸಿತು. ಹಳೆಯವು ಉಳಿದುಕೊಂಡವು.

ಎರಡನೆಯದು ಗೋಡೆ. ಪಕ್ಕದ ಪಾಳುಮನೆಯ ಸೂರು ಸೋರಿದರೆ ನಡುವಿನ ಜಂಟಿ ಗೋಡೆಯೂ ನೆನೆಯುತ್ತದೆ. ತನ್ನ ಮನೆಯನ್ನಷ್ಟೇ ನೋಡಿ ಖರ್ಚು ಅಂದಾಜು ಮಾಡಿದವರ ಲೆಕ್ಕ ತಪ್ಪುವುದು ಇಲ್ಲೇ. ಬಣ್ಣದ ಅಪಾಯ ಇದಕ್ಕಿಂತ ದೊಡ್ಡದು. ಮನೆಯೊಳಗೆ ಸೀಸದ ಬಣ್ಣ ಬಳಿಯುವುದನ್ನು ಬಾಲ್ಟಿಮೋರ್ 1951ರಲ್ಲೇ ನಿಷೇಧಿಸಿತ್ತು, ಇಡೀ ದೇಶಕ್ಕೆ ನಿಷೇಧ ಬಂದದ್ದು 1978ರಲ್ಲಿ. ಆದರೆ ಅದಕ್ಕೂ ಮುಂಚೆ ಬಳಿದ ಪದರಗಳು ಹಾಗೇ ಇದ್ದವು. ಅವನ್ನು ಕೆರೆದಾಗ ಏಳುವ ಧೂಳು ಮಕ್ಕಳ ಮೆದುಳಿಗೆ ವಿಷ. ಹಣ ಪಡೆದು ಇಂಥ ಹಳೆಮನೆಗಳಲ್ಲಿ ಕೆಲಸ ಮಾಡುವವರಿಗೆ ತರಬೇತಿ, ಪ್ರಮಾಣಪತ್ರ ಕಡ್ಡಾಯವಾದದ್ದು 2010ರಲ್ಲಿ. ಅಂದರೆ ಅಲ್ಲಿಯವರೆಗಿನ ನವೀಕರಣದ ಧೂಳಿಗೆ ಹೇಳುವವರು ಕೇಳುವವರು ಹೆಚ್ಚು ಇರಲಿಲ್ಲ.

ಈ ತೊಡಕುಗಳ ನಡುವೆಯೇ 1973ರಲ್ಲಿ ನಗರಾಡಳಿತ ತನ್ನ ಕೈಗೆ ಬಂದಿದ್ದ ಪಾಳುಮನೆಗಳನ್ನು ಒಂದು ಡಾಲರಿಗೆ ಕೊಡತೊಡಗಿತು. ವಿಲಿಯಂ ಡೊನಾಲ್ಡ್ ಶೇಫರ್ ಆಗ ಮೇಯರ್. ಕೊಂಡವರು ಕಟ್ಟಡ ನಿಯಮದಂತೆ ದುರಸ್ತಿ ಮಾಡಿ, ಗೊತ್ತಾದ ಅವಧಿಯವರೆಗೆ ಅಲ್ಲೇ ವಾಸಿಸಬೇಕಿತ್ತು. ಅದಕ್ಕೆ ಕಡಿಮೆ ಬಡ್ಡಿಯ ಸಾಲವೂ ಸಿಗುತ್ತಿತ್ತು. ಬಂದರಿನ ಸಮೀಪದ ಆಟರ್‌ಬೈನ್‌ನಲ್ಲಿ ಸುಮಾರು ನೂರು ಮನೆಗಳು ಹೀಗೆ ಎದ್ದು ನಿಂತವು. ಡಾಲರ್ ಹೆಸರಿಗೆ ಮಾತ್ರ, ದುರಸ್ತಿಗೆ ಹತ್ತಾರು ಸಾವಿರ ಡಾಲರ್ ಬೇಕಾಗುತ್ತಿತ್ತು. ಯೋಜನೆ ಗೆಲ್ಲಲು ಬಂದರಿನ ಏಳಿಗೆಯಷ್ಟೇ ಆ ವಾಸದ ಷರತ್ತೂ ಕಾರಣ ಎನ್ನಬೇಕು: ತಾನೇ ಮಲಗುವ ಮನೆಯ ಸೂರನ್ನು ಯಾರೂ ಅರ್ಧಂಬರ್ಧ ಹೊದಿಸುವುದಿಲ್ಲ.

1990ರ ದಶಕದ ಕೊನೆಯಲ್ಲಿ ಇದೇ ನಗರ ತದ್ವಿರುದ್ಧ ಕಾರಣಕ್ಕೆ ಸುದ್ದಿಯಾಯಿತು. ದಲ್ಲಾಳಿಗಳು ಶಿಥಿಲ ಮನೆಗಳನ್ನು ತೀರಾ ಅಗ್ಗದ ಬೆಲೆಗೆ ಕೊಂಡು, ಮೇಲೆ ಬಣ್ಣ ಹಚ್ಚಿಸಿ, ಸುಳ್ಳು ಮೌಲ್ಯಮಾಪನ ಬರೆಸಿ, ಹಲವು ಪಟ್ಟು ಬೆಲೆಗೆ ಬಡವರಿಗೆ ದಾಟಿಸಿದರು. ಸಾಲಕ್ಕೆ ಕೇಂದ್ರ ಸರ್ಕಾರದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ವಿಮೆ ಇದ್ದುದರಿಂದ ಬ್ಯಾಂಕಿಗೆ ಅಂಜಿಕೆಯಿರಲಿಲ್ಲ. ಕಂತು ಕಟ್ಟಲಾಗದೆ ಕೊಂಡವರು ಬೀದಿಗೆ ಬಂದರು, ಮನೆಗಳಿಗೆ ಮತ್ತೆ ಹಲಗೆ ಬಡಿಯಲಾಯಿತು.

ಇಂಥ ಮೋಸ ತಡೆಯಲು 2003ರಲ್ಲಿ ಕೇಂದ್ರ ವಸತಿ ಇಲಾಖೆ ದೇಶಕ್ಕೆಲ್ಲ ನಿಯಮ ತಂದಿತು. ಕೊಂಡ 90 ದಿನದೊಳಗೆ ಮಾರುವ ಮನೆಗೆ ಈ ವಿಮೆಯಿಲ್ಲ. 91ರಿಂದ 180 ದಿನದೊಳಗೆ ಬೆಲೆ ದುಪ್ಪಟ್ಟಾದರೆ ಎರಡನೆಯ ಮೌಲ್ಯಮಾಪನ ಬೇಕು. 2008ರ ಮನೆ ಮಾರುಕಟ್ಟೆಯ ಕುಸಿತದ ನಂತರ ಖಾಲಿಬಿದ್ದ ಮನೆಗಳನ್ನು ಕರಗಿಸಲು 2010ರಿಂದ 2014ರವರೆಗೆ 90 ದಿನದ ನಿಯಮವನ್ನು ಸಡಿಲಿಸಲಾಯಿತು. ಬಾಲ್ಟಿಮೋರ್ ಕೂಡ 2010ರಲ್ಲಿ ಹೊಸ ಯೋಜನೆ ಆರಂಭಿಸಿತು: ಮಾಲೀಕ ದುರಸ್ತಿ ಮಾಡದಿದ್ದರೆ ನ್ಯಾಯಾಲಯದ ಮೂಲಕ ಪಾಳುಮನೆಯನ್ನು ಹರಾಜಿಗಿಡಲಾಗುತ್ತದೆ, ದುರಸ್ತಿಗೆ ಹಣವಿದೆಯೆಂದು ಮೊದಲೇ ತೋರಿಸಿದವರಿಗಷ್ಟೇ ಕೂಗಲು ಅವಕಾಶ.