ಬಡಿಸುವ ಕೈ, ಉಣ್ಣುವ ಹೊಟ್ಟೆ

ಕೊಡಗಿನ ಮನೆಗಳಲ್ಲಿ ಕಡಂಬುಟ್ಟು ಎಣಿಸಿ ಬಡಿಸುವ ತಿಂಡಿ. ಅಕ್ಕಿತರಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿ ಆರುವ ಮುಂಚೆ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸುತ್ತಾರೆ. ಉಂಡೆಯ ಗಾತ್ರ ಕಟ್ಟುವವರ ಅಂಗೈಗೆ ತಕ್ಕದ್ದು, ತಿನ್ನುವವರ ಹೊಟ್ಟೆಗಲ್ಲ. ಐದು ವರ್ಷದ ಮಗುವಿನ ತಟ್ಟೆಗೆ ಎರಡು ಬಿದ್ದರೆ ‘ಬಿಡದೆ ತಿನ್ನು’ ಎಂಬ ಮಾತೂ ಜೊತೆಗೇ ಬೀಳುತ್ತದೆ. ಎರಡನೆಯ ಉಂಡೆಯನ್ನು ಮಗು ಹಸಿವಿಗೆ ತಿನ್ನುತ್ತದೋ, ತಟ್ಟೆಯಲ್ಲಿದೆ ಎಂದು ತಿನ್ನುತ್ತದೋ? ಆಹಾರ ವಿಜ್ಞಾನ ಈ ಪ್ರಶ್ನೆಯ ಬೆನ್ನು ಹತ್ತಿ ನೂರು ವರ್ಷವಾಗುತ್ತ ಬಂತು.

ಆರಂಭದಲ್ಲಿ ಕಾಣುವ ಹೆಸರು ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಅವರದು. ಆಗಷ್ಟೇ ಎದೆಹಾಲು ಬಿಟ್ಟ ಮಕ್ಕಳ ಮುಂದೆ ಹತ್ತಾರು ಪದಾರ್ಥ ಇಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಮಗು ಕೈ ಚಾಚಿದರೆ ಮಾತ್ರ ದಾದಿ ಚಮಚ ಎತ್ತಬೇಕು. 1928ರಲ್ಲಿ ಮೊದಲ ವರದಿ ಬಂತು. 1939ರ ಹೊತ್ತಿಗೆ 15 ಮಕ್ಕಳ ಲೆಕ್ಕ ಸಿಕ್ಕಿತ್ತು. ಎಲ್ಲರೂ ಚೆನ್ನಾಗಿ ಬೆಳೆದಿದ್ದರು. ‘ಮಗುವಿನ ದೇಹಕ್ಕೆ ಎಲ್ಲ ಗೊತ್ತು’ ಎಂದು ಲೋಕ ಸಂಭ್ರಮಿಸಿತು. ಆದರೆ ಗುಟ್ಟು ಇರುವುದು ಪದಾರ್ಥಗಳ ಪಟ್ಟಿಯಲ್ಲಿ ಎಂದು ಡೇವಿಸ್ ಅವರೇ ಹೇಳಿದ್ದರು. ಅದರಲ್ಲಿ ಸಕ್ಕರೆಯಾಗಲಿ ಡಬ್ಬಿಯ ಆಹಾರವಾಗಲಿ ಇರಲಿಲ್ಲ. ಈ ಮಾತನ್ನು ಮರೆತವರೇ ಹೆಚ್ಚು.

ನಮ್ಮ ದೇಶದಲ್ಲಿ ಪ್ರಶ್ನೆ ತಲೆಕೆಳಗಾಗಿ ಬಂತು. ಇಲ್ಲಿನ ಚಿಂತೆ ಮಗು ಹೆಚ್ಚು ತಿನ್ನುತ್ತದೆ ಎಂಬುದಲ್ಲ, ತಿಂದದ್ದು ಸಾಲದು ಎಂಬುದು. 1960ರ ದಶಕದಲ್ಲಿ ಜಗತ್ತೆಲ್ಲ ಪ್ರೊಟೀನ್ ಕೊರತೆಯ ಮಾತಾಡುತ್ತಿದ್ದಾಗ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ನಿಜವಾದ ಕೊರತೆ ಕ್ಯಾಲೊರಿಯದು ಎಂದು ವಾದಿಸಿದರು. ಹಾಗಾದರೆ ಇನ್ನೊಂದು ಸೌಟು ಗಂಜಿ ಹಾಕಿದರಾಯಿತಲ್ಲ? ತೊಡಕು ಇದ್ದದ್ದೇ ಅಲ್ಲಿ. ಕೂಸಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಮೈತೂಕದ ಕಿಲೋಗೆ ಸುಮಾರು 30 ಗ್ರಾಂ. ಎಂಟು ಕಿಲೋದ ಕೂಸಿಗೆ 240 ಗ್ರಾಂ. ಗ್ರಾಮಿಗೆ ಅರ್ಧ ಕ್ಯಾಲೊರಿಯೂ ಇಲ್ಲದ ತಿಳಿಗಂಜಿಯನ್ನು ಕಂಠಮಟ್ಟ ಕುಡಿಸಿದರೂ ನೂರಿಪ್ಪತ್ತು ಕ್ಯಾಲೊರಿ ದಾಟದು. ಹಿಟ್ಟು ಹೆಚ್ಚಿಸಿದರೆ ಗಂಜಿ ಗಟ್ಟಿಯಾಗಿ ಕೂಸು ನುಂಗದು.

ಈ ಗಂಟನ್ನು ಬಿಡಿಸಿದವರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಇದ್ದರು. 1980ರ ದಶಕದ ಆರಂಭದಲ್ಲಿ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರ ರೂಪಿಸಿದರು. ರಾಗಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬೇಯುವಾಗ ಅದು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಾಗದೆ ಸಡಿಲವಾಗಿರುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಸೇರಿಸಬಹುದು. ಬಟ್ಟಲು ಅದೇ, ಕ್ಯಾಲೊರಿ ಹೆಚ್ಚು. ನಮ್ಮ ಅಜ್ಜಿಯರು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದದ್ದಕ್ಕೆ ಲೆಕ್ಕದ ಆಧಾರ ಸಿಕ್ಕಿತು. ಕರ್ನಾಟಕದ ನೆಲದಲ್ಲಿ ಕ್ಯಾಲೊರಿ ಸಾಂದ್ರತೆಯ, ಅಂದರೆ ಗ್ರಾಮಿಗೆ ಎಷ್ಟು ಕ್ಯಾಲೊರಿ ಎಂಬುದರ, ಮೊದಲ ಪಾಠ ಇದೇ ಎನ್ನುವೆ. ಸರ್ಕಾರದ ಲೆಕ್ಕ ಮಾತ್ರ ಸಾಂದ್ರತೆಯದಲ್ಲ, ಮೊತ್ತದ್ದು: 1975ರಲ್ಲಿ ತಿ. ನರಸೀಪುರದಿಂದ ರಾಜ್ಯದಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮಗುವಿಗೆ ದಿನಕ್ಕೆ 300 ಕ್ಯಾಲೊರಿ ಎಂದಿತ್ತು. 2009ರಲ್ಲಿ ಅದು 500 ಆಯಿತು.

ಅತ್ತ ಅಮೆರಿಕದಲ್ಲಿ ಮನೋವಿಜ್ಞಾನಿ ಲಿಯಾನ್ ಬರ್ಚ್ ಅವರು ಡೇವಿಸ್ ಬಿಟ್ಟ ಎಳೆಯನ್ನು ಹಿಡಿದರು. 1991ರ ಅವರ ಅಧ್ಯಯನದಲ್ಲಿ ಮಕ್ಕಳು ಒಂದು ಹೊತ್ತು ಗಬಗಬ ತಿಂದು ಇನ್ನೊಂದು ಹೊತ್ತು ಮೂಸಿಯೂ ನೋಡದಿದ್ದರೂ ದಿನದ ಮೊತ್ತ ಹೆಚ್ಚುಕಡಿಮೆ ಒಂದೇ ಇತ್ತು. ಊಟ ಬಿಟ್ಟ ಮಗುವಿನ ಹಿಂದೆ ತುತ್ತು ಹಿಡಿದು ಅಂಗಳವೆಲ್ಲ ಓಡುವವರು ಇದನ್ನು ಓದಬೇಕು. ಅದಕ್ಕೂ ಮುಂಚೆ, 1987ರಲ್ಲಿ, ತಟ್ಟೆ ಖಾಲಿ ಮಾಡಿದರೆ ಬಹುಮಾನ ಎಂದು ರೂಢಿಸಿದ ಮಕ್ಕಳು ಮೊದಲು ತಿಂದದ್ದರಲ್ಲಿ ಕ್ಯಾಲೊರಿ ಎಷ್ಟಿತ್ತು ಎಂಬುದಕ್ಕೆ ಸ್ಪಂದಿಸುವುದನ್ನೇ ಬಿಟ್ಟದ್ದನ್ನು ಬರ್ಚ್ ತಂಡ ತೋರಿಸಿತ್ತು.

2000ರಲ್ಲಿ ಪೋಷಣಾ ವಿಜ್ಞಾನಿ ಬಾರ್ಬರಾ ರೋಲ್ಸ್ ಜೊತೆ ಬರ್ಚ್ ನಡೆಸಿದ ಪ್ರಯೋಗದಲ್ಲಿ ಬಡಿಸಿದ ಪ್ರಮಾಣ ಹೆಚ್ಚಿದರೂ ಮೂರು ವರ್ಷದವರು ತಮಗೆ ಬೇಕಾದಷ್ಟೇ ತಿಂದರು. ಐದು ವರ್ಷದವರು ಹೆಚ್ಚು ತಿಂದರು. 2003ರಲ್ಲಿ ಸಂಶೋಧಕಿ ಜೆನಿಫರ್ ಫಿಶರ್ ಪ್ರಮಾಣ ದುಪ್ಪಟ್ಟು ಮಾಡಿದಾಗ ಮಕ್ಕಳು ಆ ಪದಾರ್ಥವನ್ನು ಶೇ 25 ಹೆಚ್ಚು ತಿಂದರು. ನನಗೆ ಹಿಡಿಸಿದ್ದು ಒಂದು ಸಣ್ಣ ವಿವರ: ಅವರ ತುತ್ತೇ ದೊಡ್ಡದಾಗಿತ್ತು. 2007ರಲ್ಲಿ ಪ್ರಮಾಣ, ಸಾಂದ್ರತೆ ಎರಡನ್ನೂ ಒಟ್ಟಿಗೆ ಬದಲಿಸಿದರು. 250 ಗ್ರಾಂ ಬದಲು 500 ಗ್ರಾಂ ಮ್ಯಾಕರೋನಿ, ಗ್ರಾಮಿಗೆ 1.3 ಬದಲು 1.8 ಕ್ಯಾಲೊರಿ. ಎರಡೂ ಸೇರಿದಾಗ ಮ್ಯಾಕರೋನಿಯಿಂದ ಬಂದ ಕ್ಯಾಲೊರಿ ಶೇ 76 ಏರಿತು.  ಇದೆಲ್ಲ ಒಂದು ದಿನದ ಆಟ, ಮರುದಿನ ಸರಿಹೋಗುತ್ತದೆ ಎಂದವರಿಗೆ 2019ರ ಪ್ರಯೋಗ ಉತ್ತರ ಕೊಟ್ಟಿತು: ಐದು ದಿನ ಕಳೆದರೂ ತಿನ್ನುವುದು ತಗ್ಗಲಿಲ್ಲ.

ಇದನ್ನು ಕೊಡಗಿಗೆ ತಂದು ನೋಡಿ. ಬೇಯಿಸಿದ ಅನ್ನದ ಸಾಂದ್ರತೆ ಗ್ರಾಮಿಗೆ ಸುಮಾರು 1.3. ಕೊಡಗಿನ ಕಿತ್ತಳೆಯದು ಅರ್ಧಕ್ಕೂ ಕಡಿಮೆ. ಬಿಸ್ಕತ್ತಿನದು ನಾಲ್ಕೂವರೆ, ಮಡಿಕೇರಿಯ ಅಂಗಡಿಗಳಲ್ಲಿ ತೂಗುವ ಬಾಳೆಕಾಯಿ ಚಿಪ್ಸಿನದು ಐದರ ಮೇಲೆ. ಬಿಸ್ಕತ್ತು ಮಗುವಿನ ಕೈಗೆ ಬರುವ ದಾರಿ ತೋಟದಿಂದ ಶುರು. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಸಣ್ಣ ತೋಟಗಳಿಗೆ ಆ ಕಟ್ಟಳೆ ತಾಗಲಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಿ ಬೆಳಿಗ್ಗೆಯೇ ತೋಟಕ್ಕೆ ಇಳಿದರೆ ಕಾರ್ಮಿಕರ ಲೈನ್ ಮನೆಯ ಮಗುವಿನ ಕೈಗೆ ಸಿಗುವುದು ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ. ಕೆಡುವುದಿಲ್ಲ, ಬೇಯಿಸಬೇಕಿಲ್ಲ. ತಾಯಿಯನ್ನು ದೂರಿ ಫಲವಿಲ್ಲ. ತೋಟದ ಮಾಲೀಕರ ಮಗುವಿನ ಕೈಗೆ ಬರುವುದು ಬೇಕರಿಯ ಪಫ್ಸ್. ಇಬ್ಬರಿಗೂ ಮಧ್ಯಾಹ್ನದ ಅನ್ನ ಬೇಡವಾಗುತ್ತದೆ.

ಮಗುವಿನ ತೂಕ ಕಡಿಮೆಯಿದೆ, ಕ್ಯಾಲೊರಿ ಸುರಿದರೆ ತಪ್ಪೇನು ಎಂದು ಕೇಳುವವರು ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನವನ್ನು ಗಮನಿಸಬೇಕು. 1997–98ರಲ್ಲಿ ಆರಂಭವಾದ ಅದರಲ್ಲಿ ಮೈಸೂರಿನ ಕೂಸುಗಳು ಬ್ರಿಟನ್ನಿನವಕ್ಕಿಂತ ಹಗುರವಾಗಿದ್ದವು. ಆದರೆ ಹೆಗಲೆಲುಬಿನ ಕೆಳಗಿನ ಕೊಬ್ಬಿನ ಪದರ ಅಷ್ಟು ತೆಳುವಾಗಿರಲಿಲ್ಲ. ನಾಲ್ಕನೆಯ ವರ್ಷಕ್ಕೆ ಅದು ಅಲ್ಲಿನ ಅಳತೆಯನ್ನೂ ಮೀರಿತ್ತು.

ಬಡಿಸುವ ಕ್ರಮ ಬದಲಿಸಿದರೆ ಏನಾದೀತು ಎಂಬುದಕ್ಕೂ ಉತ್ತರಗಳಿವೆ. ಫಿಶರ್ ಅವರ 2003ರ ಪ್ರಯೋಗದಲ್ಲಿ ತಾವೇ ಬಡಿಸಿಕೊಂಡ ಮಕ್ಕಳು, ದೊಡ್ಡ ಪ್ರಮಾಣ ಹಾಕಿಸಿಕೊಂಡಾಗಿನದಕ್ಕಿಂತ ಕಾಲುಭಾಗ ಕಡಿಮೆ ತಿಂದರು. 2010ರಲ್ಲಿ ಊಟಕ್ಕೆ ಮುಂಚೆ 30 ಗ್ರಾಂ ಬದಲು 60 ಗ್ರಾಂ ಕ್ಯಾರೆಟ್ ಇಟ್ಟಾಗ ಮಕ್ಕಳು ತಿಂದ ಕ್ಯಾರೆಟ್ ಶೇ 47 ಹೆಚ್ಚಿತು. ನಮ್ಮ ಅಂಗನವಾಡಿಯ ಕ್ಯಾಲೊರಿ ಲೆಕ್ಕ ಮೂರು ವರ್ಷದವನಿಗೂ ಐದು ವರ್ಷದವಳಿಗೂ ಒಂದೇ. ಮೊದಲು ಪಲ್ಯ, ಆಮೇಲೆ ಅರ್ಧ ಸೌಟು ಅನ್ನ, ಕೇಳಿದರೆ ಇನ್ನರ್ಧ ಎಂಬ ಕ್ರಮಕ್ಕೆ ಹೊಸ ಆದೇಶವೂ ಬೇಡ, ಹೆಚ್ಚಿನ ಅನುದಾನವೂ ಬೇಡ.