ಮುಚ್ಚಳದ ಮೇಲೊಂದು ಪ್ಲೇ ಬಟನ್

2007ರ ಜನವರಿ ಎರಡನೇ ವಾರ ಮೊಬೈಲ್ ಚರಿತ್ರೆಯಲ್ಲಿ ಒಂದೇ ಕಾರಣಕ್ಕೆ ಉಳಿದುಕೊಂಡಿದೆ. ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಜೇಬಿನಿಂದ ಐಫೋನ್ ತೆಗೆದು ತೋರಿಸಿದರು. ಅದೇ ವಾರ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ನೋಕಿಯಾ ಕೂಡ ಒಂದು ಫೋನ್ ತೋರಿಸಿತ್ತು. ಹೆಸರು ಎನ್76. ಕೆಂಪು ಇಲ್ಲವೇ ಕಪ್ಪು ಬಣ್ಣ, ಕನ್ನಡಿಯಂತೆ ಹೊಳೆಯೋ ಮುಚ್ಚಳ, ಮಡಚಿದರೆ ತೆಳ್ಳಗೆ ಜೇಬಿಗಿಳಿಯೋ ಫ್ಲಿಪ್ ಫೋನ್. ಇವತ್ತು ಆ ಹೆಸರು ಹೇಳಿದರೆ ಬಹುತೇಕರಿಗೆ ನೆನಪಾಗೋದು ಅದರ ಅಕ್ಕ ಎನ್73, ಅಥವಾ ಅಣ್ಣ ಎನ್95.

ಗೆದ್ದವರ ಕಣ್ಣಲ್ಲಿ ಸೋತವರನ್ನು ನೋಡೋದು ಸುಲಭ. ಯಾವ ರಿವ್ಯೂ ವಿಡಿಯೋ ಬೇಕಾದರೂ ತೆಗೆದು ನೋಡಿ, ಹಳೇ ಫೋನ್ ಅಂದ್ರೆ ನಗೋದಕ್ಕೊಂದು ನೆಪ. ನನಗೆ ಹಾಗೆ ಮಾಡೋಕೆ ಇಷ್ಟವಿಲ್ಲ. ಹಾಡು ಕೇಳೋಕೆಂದೇ ಮಾಡಿದ ಫೋನನ್ನು ನಾಲ್ಕು ಪ್ರಶ್ನೆಗಳಿಂದ ಅಳೀಬಹುದು. ಹಾಡು ಎಷ್ಟು ಬೇಗ ಕೈಗೆ ಸಿಗುತ್ತೆ? ಎಷ್ಟು ಹೊತ್ತು ಹಾಡುತ್ತೆ? ಹಾಡು ಒಳಗೆ ಹೋಗೋದು ಹೇಗೆ? ಒಳಗೆ ಹೋದ ಮೇಲೆ ಅದು ಯಾರದ್ದು?

ಮೊದಲು ಮುಚ್ಚಳದ ಕಥೆ. ಮೊಟೊರೊಲಾ 1996ರಲ್ಲಿ ಸ್ಟಾರ್‌ಟ್ಯಾಕ್ ತಂದಾಗ ಮಡಚೋ ಫೋನಿಗೆ ಒಂದೇ ಅರ್ಥ ಇತ್ತು: ತೆರೆದರೆ ಮಾತು ಶುರು, ಮುಚ್ಚಿದರೆ ಮಾತು ಮುಗೀತು. 2004ರ ರೇಜರ್ ಅದನ್ನೇ 13.9 ಮಿಲಿಮೀಟರ್‌ಗೆ ತೆಳುಮಾಡಿ ಫ್ಯಾಷನ್ ಮಾಡಿತು. ಆದರೆ ಹಾಡಿನ ದಾರಿ ಬೇರೆ. ಮಾತಾಡುವಾಗ ಫೋನ್ ಕಿವಿ ಹತ್ತಿರ ಇರುತ್ತೆ, ಹಾಡು ಕೇಳುವಾಗ ಜೇಬಲ್ಲಿ, ಮುಚ್ಚಿಕೊಂಡೇ ಇರುತ್ತೆ. 2005ರಲ್ಲಿ ಸೋನಿ ಎರಿಕ್ಸನ್ ವಾಕ್‌ಮನ್ ಹೆಸರಿನ ಮೊದಲ ಫೋನ್ ಡಬ್ಲ್ಯೂ800 ತಂದಿತು. ಅದೇ ವರ್ಷ ಮೊಟೊರೊಲಾ ಮತ್ತು ಆಪಲ್ ಸೇರಿ ರಾಕರ್ ಇ1 ತಂದವು. ಅದರಲ್ಲಿ ಐಟ್ಯೂನ್ಸ್ ಇತ್ತು, ಆದರೆ 100 ಹಾಡಿನ ಮೇಲೆ ಹಾಕೋ ಹಾಗಿರಲಿಲ್ಲ. ಕಾರ್ಡಿನಲ್ಲಿ ಜಾಗ ಉಳಿದಿದ್ದರೂ ಅಷ್ಟೇ! ಇವೆರಡೂ ಮಡಚದ ಫೋನುಗಳು. ಮುಚ್ಚಿದ ಫೋನಿನಲ್ಲಿ ಹಾಡು ನುಡಿಸೋದು ಹೇಗೆ ಅನ್ನೋ ಪ್ರಶ್ನೆಗೆ ಎನ್76 ಕೊಟ್ಟ ಉತ್ತರ ಸರಳ: ಕೀಲಿಗಳನ್ನು ಮುಚ್ಚಳದ ಮೇಲೇ ಇಡು.

ಹಾಗಾಗಿ ಹೊರಗೆ ಒಂದು ಪುಟ್ಟ ಪರದೆ, ಅದರ ಕೆಳಗೆ ಹಾಡು ನುಡಿಸೋ, ನಿಲ್ಲಿಸೋ, ಮುಂದೆ ಹಿಂದೆ ಓಡಿಸೋ ಕೀಲಿಗಳು. ಫೋನ್ ತೆರೀಬೇಕಾಗಿಲ್ಲ. ಇನ್ನೂ ಮುಖ್ಯವಾದದ್ದು 3.5 ಮಿಲಿಮೀಟರ್ ಇಯರ್‌ಫೋನ್ ಕಿಂಡಿ. ಮ್ಯೂಸಿಕ್ ಎಡಿಷನ್ ಅಂತ ನಮ್ಮಲ್ಲಿ ಹೆಸರು ಮಾಡಿದ ಎನ್73ರಲ್ಲೂ ಇದಿರಲಿಲ್ಲ. ಅದಕ್ಕೆ ನೋಕಿಯಾದ್ದೇ ಆದ ಅಗಲ ಬಾಯಿಯ ಕನೆಕ್ಟರ್ ಬೇಕಿತ್ತು. ಎನ್76ಕ್ಕೆ ಮನೇಲಿರೋ ಯಾವ ಇಯರ್‌ಫೋನ್ ಚುಚ್ಚಿದರೂ ಸರಿ. ಮೊದಲ ಪ್ರಶ್ನೆಯಲ್ಲಿ ಎನ್76 ಪಾಸು, ಅದೂ ಡಿಸ್ಟಿಂಕ್ಷನ್.

ಎರಡನೇ ಪ್ರಶ್ನೆಯಲ್ಲಿ ಎಡವುತ್ತೆ. ರೇಜರ್‌ಗಿಂತ ತೆಳ್ಳಗಿರಬೇಕು ಅನ್ನೋ ಹಟ ಇತ್ತೇನೋ, ದಪ್ಪ 13.7 ಮಿಲಿಮೀಟರ್. ಅಂದ್ರೆ ರೇಜರ್‌ಗಿಂತ 0.2 ಕಡಿಮೆ. ಆ ದೇಹದಲ್ಲಿ ಹಿಡಿಸಿದ ಬ್ಯಾಟರಿ 700 ಎಂಎಎಚ್. ಎನ್73 ಸುಮಾರು 19 ಮಿಲಿಮೀಟರ್ ದಪ್ಪ ಇತ್ತು, ಆದರೆ ಒಳಗೆ 1100 ಇತ್ತು. ಎರಡು ಪರದೆ, 3ಜಿ ರೇಡಿಯೋ, ಸಿಂಬಿಯನ್‌ನಂಥ ಪೂರ್ತಿ ಆಪರೇಟಿಂಗ್ ಸಿಸ್ಟಮ್, ಇಷ್ಟೆಲ್ಲಾ ಹೊತ್ತ ಫೋನಿಗೆ 700 ಅಂದ್ರೆ ಮದುವೆ ಮನೆಗೆ ಒಂದೇ ಪಾತ್ರೆ ಸಾರು. ಹಾಡಿನ ಫೋನಿಗೆ ಬೇಕಿದ್ದದ್ದು ಬಾಳಿಕೆ, ಅಂಗಡಿ ಗಾಜಿನ ಹಿಂದೆ ಬೇಕಿದ್ದದ್ದು ತೆಳುವು. ಗೆದ್ದದ್ದು ಅಂಗಡಿ ಗಾಜು.

ಮೂರನೇ ಪ್ರಶ್ನೆಗೆ ನಮ್ಮೂರಿಗೆ ಬರಬೇಕು. ಎನ್76ರಲ್ಲಿ 3ಜಿ ಇತ್ತು, ನಮ್ಮಲ್ಲಿ 3ಜಿ ನೆಟ್‌ವರ್ಕೇ ಇರಲಿಲ್ಲ! ಖಾಸಗಿ ಕಂಪನಿಗಳಿಗೆ ಅದರ ತರಂಗಾಂತರ ಹರಾಜಾಗಿದ್ದೇ 2010ರಲ್ಲಿ. ವೈಫೈ ಫೋನಲ್ಲೇ ಇರಲಿಲ್ಲ. ಹಾಗಾದ್ರೆ ಹಾಡು ಬರ್ತಿದ್ದದ್ದು ಎಲ್ಲಿಂದ? ಒಂದು, ಎಫ್‌ಎಂ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ ಶುರುವಾಗಿದ್ದೇ ಬೆಂಗಳೂರಿನಲ್ಲಿ, 2001ರಲ್ಲಿ. ಇಯರ್‌ಫೋನ್ ತಂತಿಯೇ ಆಂಟೆನಾ, ಡೇಟಾ ಖರ್ಚು ಸೊನ್ನೆ. ಇನ್ನೊಂದು, ಉಗುರಿನಷ್ಟು ಮೈಕ್ರೊಎಸ್‌ಡಿ ಕಾರ್ಡ್. 128 ಕೆಬಿಪಿಎಸ್ ಎಂಪಿ3 ಆದ್ರೆ ಐದು ನಿಮಿಷದ ಹಾಡು ಹತ್ತಿರ ಹತ್ತಿರ 5 ಎಂಬಿ. 2 ಜಿಬಿ ಕಾರ್ಡಿಗೆ ಸುಮಾರು 400 ಹಾಡು. ರಾಕರ್‌ನ 100ರ ಬೇಲಿ ನೆನಪಿಸಿಕೊಳ್ಳಿ.

ಆ ಕಾರ್ಡ್ ತುಂಬ್ತಿದ್ದದ್ದು ಬೀದಿ ಕೊನೆಯ ರೀಚಾರ್ಜ್ ಅಂಗಡಿಯ ಹುಡುಗ. ಕಾರ್ಡ್ ಕೊಡಿ, ಹತ್ತು ನಿಮಿಷ ಬಿಟ್ಟು ಬನ್ನಿ. ಐಫೋನ್ ಸುದ್ದಿಯಾಗೋಕೆ ಹನ್ನೊಂದು ದಿನ ಮೊದಲು, 2006ರ ಡಿಸೆಂಬರ್ 29ಕ್ಕೆ ‘ಮುಂಗಾರು ಮಳೆ’ ಬಿಡುಗಡೆಯಾಗಿತ್ತು. ಆ ವರ್ಷವಿಡೀ ಬಿಎಂಟಿಸಿ ಬಸ್ಸಲ್ಲಿ ಪಕ್ಕದವನ ಇಯರ್‌ಫೋನಿನಿಂದ ಸೋರಿ ನನ್ನ ಕಿವಿಗೂ ಬೀಳ್ತಿದ್ದದ್ದು ಮನೋಮೂರ್ತಿ ಸಂಗೀತವೇ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ ಯಾವುದೋ ವೆಬ್‌ಸೈಟಿನ ಬಾಲ. ಕಾನೂನಿನ ಪ್ರಕಾರ ಅದರಲ್ಲಿ ಬಹುಪಾಲು ಕಳ್ಳಮಾಲೇ, ಹಾಡು ಕಟ್ಟಿದವರಿಗೆ ಒಂದು ರೂಪಾಯೀನೂ ಮುಟ್ಟಲಿಲ್ಲ. ಅದನ್ನು ಸಿಹಿ ನೆನಪಿನ ಕೆಳಗೆ ಮುಚ್ಚಿಡಬಾರದು.

ಈಗ ನಾಲ್ಕನೇ ಪ್ರಶ್ನೆ. ಕಾಗದದ ಮೇಲೆ ನೋಡಿದರೆ ಮೊದಲ ಐಫೋನ್ ಹಿಂದೆ ಬಿದ್ದಿತ್ತು. 3ಜಿ ಇಲ್ಲ, ಎಫ್‌ಎಂ ಇಲ್ಲ, ಮೆಮೊರಿ ಕಾರ್ಡ್ ಇಲ್ಲ, ಬ್ಯಾಟರಿ ಬಿಚ್ಚೋ ಹಾಗಿಲ್ಲ. ಕ್ಯಾಮೆರಾ ಎರಡರಲ್ಲೂ 2 ಮೆಗಾಪಿಕ್ಸೆಲ್ಲೇ. ಆದರೆ ಐಫೋನಿನ ಮುಖವೆಲ್ಲಾ 3.5 ಇಂಚಿನ ಪರದೆ. ಎನ್76ರ ಅರ್ಧ ಮೈ ಕೀಲಿಮಣೆಗೆ ಹೋಗಿ, ಪರದೆಗೆ ಸಿಕ್ಕಿದ್ದು 2.4 ಇಂಚು. ಹಾಡಿಗೆ ಅದು ಸಾಕು. ವಿಡಿಯೋ, ನಕ್ಷೆ, ವೆಬ್ಬಿಗೆ ಸಾಲದು. ನೋಕಿಯಾ ತನ್ನ ಎನ್ ಸರಣಿಯನ್ನು ‘ಮಲ್ಟಿಮೀಡಿಯಾ ಕಂಪ್ಯೂಟರ್’ ಅಂತ ಕರೀತಿತ್ತು. ಹೆಸರು ಸರಿಯಾಗಿತ್ತು. ಆದರೆ ಮಾತಿಗೆಂದು ಹುಟ್ಟಿದ ಮಡಿಕೆಯೊಳಗೆ ಕಂಪ್ಯೂಟರ್ ಹಿಡಿಸಲಿಲ್ಲ.

ಎನ್76 ಸೋತದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ಆದರೆ ಅದರ ಜೊತೆಗೆ ಹೋದದ್ದರ ಲೆಕ್ಕ ಯಾರೂ ಇಟ್ಟಿಲ್ಲ. ಕಾರ್ಡಿನ ಹಾಡು ಕೈಗೆ ಸಿಗೋ ವಸ್ತುವಾಗಿತ್ತು. ಒಂದು ಫೋನಿನಿಂದ ಕಿತ್ತು ಇನ್ನೊಂದಕ್ಕೆ ಹಾಕಬಹುದು, ಬ್ಲೂಟೂತಲ್ಲಿ ಗೆಳತಿಗೆ ಕಳಿಸಬಹುದು, ತಿಂಗಳ ಚಂದಾ ಕಟ್ಟದಿದ್ದರೂ ಅದು ಮಾಯವಾಗಲ್ಲ. ಇವತ್ತು ನಮ್ಮ ಹತ್ರ ಕೋಟ್ಯಂತರ ಹಾಡುಗಳಿವೆ, ಕಲಾವಿದರಿಗೆ ಒಂದಿಷ್ಟಾದರೂ ಹಣ ಹೋಗುತ್ತೆ, ಅದು ನಿಜವಾದ ಲಾಭ. ಆದರೆ ಕಂಪನಿ ಮತ್ತು ಲೇಬಲ್ ನಡುವೆ ಒಪ್ಪಂದ ಮುರಿದರೆ ಪ್ಲೇಲಿಸ್ಟಿನ ಹಾಡು ಬೆಳಗಾಗೋದರೊಳಗೆ ಬೂದು ಬಣ್ಣಕ್ಕೆ ತಿರುಗುತ್ತೆ. ನಾವು ಬರೀ ಬಾಡಿಗೆದಾರರು.

ಇದು ಚರಿತ್ರೆಯ ಪ್ರಶ್ನೆ ಕೂಡ. 2007ರಲ್ಲಿ ಕನ್ನಡಿಗರು ಏನು ಕೇಳ್ತಿದ್ದರು ಅಂತ ನಾಳೆ ಯಾರಾದರೂ ಬರೆಯಹೊರಟರೆ ಸಿಗೋದು ಕ್ಯಾಸೆಟ್ಟು, ಸಿಡಿ ಮಾರಾಟದ ಲೆಕ್ಕ ಮಾತ್ರ. ಜನ ನಿಜವಾಗಿ ಕೇಳಿದ್ದು ಕಾರ್ಡುಗಳಲ್ಲಿದೆ. ನಿಮ್ಮ ಮನೆಯ ಹಳೇ ಫೋನುಗಳ ಡಬ್ಬದಲ್ಲಿ ಅಂಥದ್ದೊಂದು ಕಾರ್ಡ್ ಇದ್ದರೆ ಇ-ತ್ಯಾಜ್ಯಕ್ಕೆ ಹಾಕೋ ಮುಂಚೆ ಒಮ್ಮೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ. ಫ್ಲ್ಯಾಶ್ ಮೆಮೊರಿ ಶಾಶ್ವತವಲ್ಲ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರಲ್ಲಿ ಹಿಡಿದಿಟ್ಟ ಚಾರ್ಜು ನಿಧಾನಕ್ಕೆ ಸೋರುತ್ತಾ ಹೋಗುತ್ತೆ.