ಬೈಸಿಕಲ್ಲಿನ ಜೀರ್ಣೋದ್ಧಾರ

ಬಹುಕಾಲ ಬಳಕೆಯಲ್ಲಿದ್ದು ಶಿಥಿಲವಾದ ಬೈಸಿಕಲ್ಲನ್ನು, ಅದು ಕಾರ್ಖಾನೆಯಿಂದ ಹೊರಬಿದ್ದ ಕಾಲಕ್ಕೆ ಸಲ್ಲುವ ಬಿಡಿಭಾಗಗಳಿಂದಲೇ ಪೂರ್ಣಗೊಳಿಸಿ, ಮರಳಿ ಸವಾರಿಗೆ ಯೋಗ್ಯವಾಗಿಸುವ ಕಾರ್ಯ. ದುರಸ್ತಿಗೆ ಗಾಡಿ ಓಡಿದರೆ ಸಾಕು. ಜೀರ್ಣೋದ್ಧಾರದಲ್ಲಿ ಅದು ತನ್ನ ಕಾಲದ ಸಾಕ್ಷಿಯಾಗಿಯೂ ಉಳಿಯತಕ್ಕದ್ದು.

ಇದಕ್ಕೆ ಉತ್ತಮ ನಿದರ್ಶನ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಫ್ರಾಂಕ್ ಬೌಡನ್ 1888ರಲ್ಲಿ ಸ್ಥಾಪಿಸಿದ ರ‍್ಯಾಲಿ ಕಂಪನಿಯ ರೋಡ್‌ಸ್ಟರ್. ಕಪ್ಪು ಎನಾಮಲ್ ಲೇಪದ ಉಕ್ಕಿನ ಚೌಕಟ್ಟು, 28 ಅಂಗುಲದ ಗಾಲಿಗಳು, ತಂತಿಗೆ ಬದಲಾಗಿ ಸರಳುಗಳಿಂದ ಎಳೆಯಲ್ಪಡುವ ಬ್ರೇಕು, ಬಕಪಕ್ಷಿಯ ಶಿರಸ್ಸಿನ ಆಕೃತಿಯುಳ್ಳ ಚೈನ್‌ಚಕ್ರ – ಇವು ಅದರ ಲಕ್ಷಣಗಳು.

ಕಾಲನಿರ್ಣಯ: ಚೌಕಟ್ಟಿನ ಸಂಖ್ಯೆಯೇ ಮೊದಲ ಆಧಾರ. 1936ರಲ್ಲಿ ಬಂದ ಸ್ಟರ್ಮಿ-ಆರ್ಚರ್ ‘ಎಡಬ್ಲ್ಯೂ’ ಮೂರು ಗೇರಿನ ಹಬ್ಬಿನ ಮೇಲೆ ತಯಾರಿಕೆಯ ವರ್ಷವನ್ನು ಅಂಕಿಗಳಲ್ಲಿ ಒತ್ತಿರುವುದುಂಟು. ಆದರೆ ಗಾಲಿಯನ್ನು ನಡುವೆ ಬದಲಿಸಿರಬಹುದಾದ್ದರಿಂದ, ಅದೊಂದನ್ನೇ ನಂಬದೆ ಉಳಿದ ಕುರುಹುಗಳೊಡನೆ ತಾಳೆನೋಡಬೇಕು. ನಿಕ್ಕಲ್ ಲೇಪವು ಸಾಮಾನ್ಯವಾಗಿ 1930ಕ್ಕೆ ಹಿಂದಿನ ಕಾಲವನ್ನೂ, ಕ್ರೋಮಿಯಂ ಲೇಪವು ಅನಂತರದ ಕಾಲವನ್ನೂ ಸೂಚಿಸುತ್ತದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹೊಳಪಿನ ಭಾಗಗಳಿಗೂ ಕಪ್ಪನ್ನೇ ಬಳಿಯುತ್ತಿದ್ದರು.

ಬಿಡಿಭಾಗಗಳು: ಇತರ ಬ್ರಿಟಿಷ್ ತಯಾರಕರು ಅಂಗುಲಕ್ಕೆ 24 ಸುತ್ತಿನ ಮರೆಯನ್ನು ಕೊರೆಯುತ್ತಿದ್ದಾಗ ರ‍್ಯಾಲಿ 26 ಸುತ್ತನ್ನು ಕೊರೆಯುತ್ತಿದ್ದುದರಿಂದ, ಪೆಡಲಿನ ಅಚ್ಚಿನ ಬಟ್ಟಲುಗಳು ಅನ್ಯ ಗಾಡಿಯಿಂದ ಬಂದರೆ ಕೂರುವುದಿಲ್ಲ. ಸರಳಿನ ಬ್ರೇಕಿನ ರಬ್ಬರು ತುಂಡುಗಳು ರಿಮ್ಮಿನ ಪಕ್ಕವನ್ನಲ್ಲ, ಒಳಮೈಯನ್ನು ಒತ್ತುವುದರಿಂದ ವೆಸ್ಟ್‌ವುಡ್ ಮಾದರಿಯ ರಿಮ್ಮೇ ಬೇಕು. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳು. ಇಂಥ ಗಾಡಿಗಳ ಬಳಕೆ ಭಾರತದಲ್ಲಿ ಉಳಿದುಬಂದಿರುವುದರಿಂದ 28 × 1½ ಅಂಗುಲದ ಟಯರು ಇಲ್ಲಿ ಇಂದಿಗೂ ದೊರೆಯುತ್ತದೆ.

ವಿಧಾನ: ಬಿಚ್ಚುವ ಮುನ್ನ ಪ್ರತಿ ಭಾಗದ ಸ್ಥಾನವನ್ನು ಗುರುತಿಟ್ಟುಕೊಂಡು, ತುಕ್ಕುಹಿಡಿದ ಸಂಧಿಗಳಿಗೆ ಎಣ್ಣೆಯೂಡಿ ಕೆಲವು ದಿನ ಕಾಯಬೇಕು. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ಹೊಡೆದು ತೆಗೆಯುವಾಗ ತೋಳಿಗೆ ಕೆಳಗಿನಿಂದ ಗಟ್ಟಿಯಾದ ಆಧಾರವಿರದಿದ್ದರೆ ಪೆಟ್ಟು ಬೇರಿಂಗಿನ ಗುಂಡುಗಳಿಗೆ ತಗುಲುತ್ತದೆ. ಹಬ್ಬಿಗೆ ತೆಳುವಾದ ಖನಿಜ ತೈಲವೇ ಹಿತ. ಅಡುಗೆಯೆಣ್ಣೆ ಅಂಟಾಗಿ ಗೇರನ್ನು ಕಟ್ಟುತ್ತದೆ. ಚರ್ಮದ ಸೀಟನ್ನು ಎಣ್ಣೆಯಲ್ಲಿ ನೆನೆಸಿದರೆ ಅದು ಸಡಿಲಿ ಜೋತುಬೀಳುವುದು. ಹೊಸ ಬಣ್ಣ ಕಡೆಯ ಉಪಾಯ: ಮೂಲದ ಎನಾಮಲ್ಲೂ ಹೊಂಬಣ್ಣದ ಗೆರೆಗಳೂ ಮಾಸಿದ್ದರೂ ರಕ್ಷಣೀಯ, ಏಕೆಂದರೆ ಕಾರ್ಖಾನೆಯ ಕುಶಲಿಯ ಕೈಚಳಕ ಕಾಣಸಿಗುವುದು ಅವುಗಳಲ್ಲೇ. ಬದಲಾಯಿಸಿದ ಭಾಗಗಳನ್ನು ಎಸೆಯದೆ, ಚೀಟಿ ಕಟ್ಟಿ ಗಾಡಿಯೊಡನೆ ಕಾಯ್ದಿರಿಸುವುದು, ಮುಂದೆ ಅದನ್ನು ಕೈಗೆತ್ತಿಕೊಳ್ಳುವವನಿಗೆ ಸಲ್ಲಿಸಬೇಕಾದ ಋಣ.